ಬಸ್ ಸ್ಟಾಪು ಸರಿಸಿದ ರಾಚಪ್ಪ

ರಾಚಪ್ಪನವರ ಸೈಕಲ್ಲಿಗೆ ಬೆಲ್ಲಿರಲಿಲ್ಲ. ಬೆಲ್ಲು ಮಾಡಬೇಕಾದ ಕೆಲಸವನ್ನೆಲ್ಲ ಅವರ ಬಾಯಿ ಮಾಡುತ್ತಿತ್ತು. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಕೊಳ್ಳೇಗಾಲದ ಬಸ್ ನಿಲ್ದಾಣದ ಎದುರು, ಖಾಕಿ ಪ್ಯಾಂಟಿನ ಬಲಗಾಲಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು, ಕೊರಳಿಗೆ ಕಪ್ಪು ದಾರದ ಸೀಟಿ ಹಾಕಿಕೊಂಡು ನಿಂತಿರುತ್ತಿದ್ದರು. ನಾವು ಹನ್ನೊಂದು ಜನ ಸೈಕಲ್ ಹಿಡಿದು ಸಾಲಾಗಿ ನಿಂತ ಮೇಲೆ, ಮುಂದಿನಿಂದ ಹಿಂದಕ್ಕೆ ಒಂದು ಸಲ, ಹಿಂದಿನಿಂದ ಮುಂದಕ್ಕೆ ಇನ್ನೊಂದು ಸಲ ತಲೆ ಎಣಿಸಿ, ಸೀಟಿ ಊದಿ, "ರೈಟ್" ಅನ್ನುತ್ತಿದ್ದರು. ಹೊರಡುತ್ತಿದ್ದೆವು. ರಸ್ತೆಯ ನಡುಮಧ್ಯಕ್ಕೆ ಹೋದವರಿಗೆ "ಒಳಕ್ಕ ಬನ್ನಿ, ಒಳಕ್ಕ ಬನ್ನಿ". ನಿಲ್ಲಿಸಬೇಕಾದರೆ "ಓಲ್ಡಾನ್". ಒಂದು ಸಲ ಹನೂರಿನ ಬಸ್ಸಿಗೆ ಕಾಯುತ್ತಿದ್ದ ಯಾರೋ ಈ ಸೀಟಿ ಕೇಳಿ, ಚೀಲ ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಓಡಿಯೂ ಬಂದಿದ್ದರು. ಎದುರಿಗೆ ಬರಿಯ ಸೈಕಲ್ಲುಗಳನ್ನು ಕಂಡು ಅವರ ಮುಖ ಹೇಗಾಯಿತೆಂದರೆ, ರಾಚಪ್ಪನವರೇ ಹೋಗಿ ಸಮಾಧಾನ ಹೇಳಿ, ಅವರ ಬಸ್ಸು ಎಲ್ಲಿ ನಿಲ್ಲುತ್ತದೆಂದು ತೋರಿಸಿ ಬಂದರು.

ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ಅವರು. ನಿವೃತ್ತಿಯ ಮರುದಿನ ಖಾಕಿ ಅಂಗಿಯನ್ನು ಮಡಿಸಿಟ್ಟರಂತೆ, ಪ್ಯಾಂಟನ್ನು ಮಾತ್ರ ಬಿಡಲಿಲ್ಲ. ಕುಳ್ಳ ಆಳು, ಮೀಸೆ ದಪ್ಪ. ಕುಲುಕುವ ಬಸ್ಸಿನಲ್ಲಿ ಯಾವುದಕ್ಕೂ ಆತುಕೊಳ್ಳದೆ ನಿಂತು ನಿಂತು ಅವರ ಕಾಲುಗಳು ಸ್ವಲ್ಪ ಅಗಲವಾಗಿ ಊರುತ್ತಿದ್ದವು. ಸಮತಟ್ಟಾದ ನೆಲದ ಮೇಲೆ ನಡೆಯುವಾಗಲೂ ಎಲ್ಲೋ ತಿರುವು ಬರುತ್ತದೆಂದು ಎಚ್ಚರದಲ್ಲಿರುವವರ ಹಾಗೆ ಕಾಣುತ್ತಿದ್ದರು.

ಹಕ್ಕಿಗಳನ್ನು ಅವರು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ಕೆರೆ ಏರಿಯ ಮೇಲೆ ಸೈಕಲ್ ನಿಲ್ಲಿಸಿ ನೀರಿನ ಕಡೆ ಕೈಚಾಚಿದರೆ ಅವರಿಗೆ ಅಲ್ಲಿ ಕಾಣುತ್ತಿದ್ದುದು ಪ್ರಯಾಣಿಕರು. ಗಂಟಲ ಚೀಲ ಜೋಲು ಬಿಟ್ಟುಕೊಂಡು ಕೂತ ಹೆಜ್ಜಾರ್ಲೆಗೆ ಲಗೇಜು ಜಾಸ್ತಿ. ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದ ನೀರುಕಾಗೆ, ಮಳೆಯಲ್ಲಿ ನೆನೆದು ಬಂದು ಅಂಗಿ ಒಣಗಿಸುತ್ತಿರುವ ಆಸಾಮಿ. ಚಳಿಗಾಲಕ್ಕೆ ದೂರದೇಶದಿಂದ ಬರುವ ಬಾತುಗಳು ಲಾಂಗ್ ರೂಟಿನವು, ಅವುಗಳನ್ನು ಮಾತಾಡಿಸಬಾರದು, ಆಯಾಸವಾಗಿರುತ್ತದೆ. ಪೊದೆಯಡಿ ಏಳೆಂಟು ಸೇರಿ ಗಲಾಟೆ ಮಾಡುವ ಹರಟೆಮಲ್ಲ ಹಕ್ಕಿಗಳು ಮದುವೆ ದಿಬ್ಬಣ. "ಇವ್ರು ಬಸ್ ಅತ್ತುದ್ರು ಅಂದ್ರ ಇಳಿಯೋಗಂಟ ನನ್ನ ಸೀಟಿ ನನ್ಗೇ ಕೇಳ್ತಿರ್ಲಿಲ್ಲ ಕಣ್ರವ್ವ" ಎಂದು ಅವುಗಳನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು.

ನಾನು ವಿಜ್ಞಾನದ ಮೇಡಂ. ಯಳಂದೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ಹದಿನಾರು ವರ್ಷದಿಂದ, ಹಕ್ಕಿಯ ಕೊಕ್ಕು ಅದರ ಆಹಾರಕ್ಕೆ ತಕ್ಕಂತೆ ಇರುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದವಳು. ಅಷ್ಟಾಗಿಯೂ ನೀರುಕಾಗೆಗೂ ಊರಕಾಗೆಗೂ ವ್ಯತ್ಯಾಸ ಗೊತ್ತಿರಲಿಲ್ಲ. ಸೈಕಲ್ಲೂ ಬರುತ್ತಿರಲಿಲ್ಲ. ನಲವತ್ತರ ಹೊಸ್ತಿಲಲ್ಲಿ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ವ್ಯಾಯಾಮ ಮಾಡಿ ಎಂದರು. ಔಷಧಿ ತರಲು ಹೋದಾಗ ಮೆಡಿಕಲ್ ಸ್ಟೋರಿನ ಗುರುಸ್ವಾಮಿ ಮಾತ್ರೆಯ ಜೊತೆಗೆ ರಾಚಪ್ಪನವರ ವಿಷಯವನ್ನೂ ಹೇಳಿ ಕಳಿಸಿದರು. ಗುರುಸ್ವಾಮಿ ಆ ತಂಡದ ಸಿರಿವಂತ ಸದಸ್ಯ. ಇಪ್ಪತ್ತೊಂದು ಗೇರಿನ ಸೈಕಲ್ಲು, ಹೆಲ್ಮೆಟ್ಟು, ಕೈಗೆ ಗ್ಲೌಸು. ಅವರನ್ನು ಹಿಂದೆ ಹಾಕಿ ಮುಂದೆ ಹೋಗುತ್ತಿದ್ದುದು ತಂಡದಲ್ಲೇ ಇದ್ದ ಹಾಲಿನವರೊಬ್ಬರ ಡಬ್ಬಲ್ ಬಾರ್ ಸೈಕಲ್ಲು.

ರಾಚಪ್ಪ ನನಗೆ ಸೈಕಲ್ ಕಲಿಸಿದ ಬಗೆಯನ್ನು ನಾನು ಬಿ.ಎಡ್. ಓದುವಾಗ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲೇಜು ಮೈದಾನದಲ್ಲಿ ಹಿಂದಿನ ಕ್ಯಾರಿಯರ್ ಹಿಡಿದುಕೊಂಡು, ಕೊಳ್ಳೇಗಾಲದಿಂದ ಯಳಂದೂರಿಗೆ ಯಾವ ಯಾವ ಸ್ಟಾಪು ಬರುತ್ತದೆ ಹೇಳಿ ಎಂದರು. ದಿನಾ ಬಸ್ಸಿನಲ್ಲಿ ಹೋಗುವವಳು ನಾನು, ಎಲ್ಲ ಗೊತ್ತಿದೆ ಎಂದುಕೊಂಡು ಶುರುಮಾಡಿದೆ. ಮೂರನೆಯದಕ್ಕೇ ತಡವರಿಸಿದೆ. ತಪ್ಪು, ಮೊದಲಿಂದ ಹೇಳಿ ಎಂದರು. ನಾನು ಮೈಯೆಲ್ಲ ನೆನಪಾಗಿ ಸ್ಟಾಪುಗಳನ್ನು ಒಂದೊಂದಾಗಿ ಹುಡುಕುತ್ತ ಪೆಡಲು ತುಳಿದೆ. ಕೊನೆಗೆ ಬಾಯಲ್ಲೇ ಯಳಂದೂರು ತಲುಪಿ "ಸರಿಯಾ ರಾಚಪ್ಪಣ್ಣ?" ಎಂದು ಕೇಳಿದರೆ ಹಿಂದಿನಿಂದ ಉತ್ತರವಿಲ್ಲ. ಅವರು ಮೈದಾನದ ಆ ತುದಿಯಲ್ಲಿ ನಿಂತು ಬೀಡಿ ಹಚ್ಚುತ್ತಿದ್ದರು. ಅವರು ಕೈಬಿಟ್ಟಿದ್ದಾರೆಂದು ತಿಳಿದ ಕ್ಷಣವೇ ನಾನು ಬಿದ್ದೆ.

ರಸ್ತೆಗೆ ಬಂದ ಮೊದಲ ಭಾನುವಾರ ಹೊನ್ನೂರಿನ ಹತ್ತಿರ ಮತ್ತೆ ಬಿದ್ದೆ. ಎದುರಿಗೆ ಕಬ್ಬಿನ ಗಾಡಿ ಬಂತು, ನಾನು ಸೈಕಲ್ ಸಮೇತ ನಾಟಿಗೆ ಸಿದ್ಧವಾಗಿದ್ದ ಗದ್ದೆಗೆ ಇಳಿದೆ. ಮುಂದಿದ್ದವರಿಗೆ ಗೊತ್ತಾಗಲಿಲ್ಲ, ಹೊರಟುಹೋದರು. ಯಾವಾಗಲೂ ಎಲ್ಲರಿಗಿಂತ ಹಿಂದೆ ಬರುತ್ತಿದ್ದ ರಾಚಪ್ಪ ಮಾತ್ರ ಇಳಿದು, ಮೊದಲು ಗದ್ದೆಯವರಿಗೆ ತಪ್ಪಾಯಿತೆಂದು ಹೇಳಿ, ಆಮೇಲೆ ನನ್ನನ್ನು ಎತ್ತಿದರು. ಕಾಲುವೆಯಲ್ಲಿ ಕೆಸರು ತೊಳೆದುಕೊಳ್ಳುತ್ತ, ಅಷ್ಟು ಚೆನ್ನಾಗಿ ತುಳಿಯುವವರು ನೀವೇಕೆ ಯಾವಾಗಲೂ ಹಿಂದೆ ಎಂದು ಕೇಳಿದೆ. ಆಗ ಆ ಕತೆ ಹೇಳಿದರು.

ಕೆಲಸಕ್ಕೆ ಸೇರಿದ ಹೊಸತು. ಹೂಗ್ಯಂ ಕಡೆಯಿಂದ ಕೊಳ್ಳೇಗಾಲಕ್ಕೆ ಬರುವ ಮಧ್ಯಾಹ್ನದ ಬಸ್ಸು. ಹನೂರಿಗೆ ಮೊದಲು ಕಾಡಂಚಿನ ಒಂದು ತಿರುವಿನಲ್ಲಿ ಇಂಜಿನ್ನು ಕಾದು ಹೊಗೆಯಾಡಿತು. ಡ್ರೈವರು ನೀರು ಹುಯ್ಯಲು ನಿಲ್ಲಿಸಿದಾಗ ಕೆಲವರು ಕೆಳಗಿಳಿದರು. ಬಸ್ಸು ಸರಿಹೋದ ಮೇಲೆ ರಾಚಪ್ಪ ಹಿಂದುಮುಂದು ನೋಡದೆ ಸೀಟಿ ಊದಿದರು. ಕೊಳ್ಳೇಗಾಲ ತಲುಪಿ ಎಲ್ಲರೂ ಇಳಿದು ಹೋದ ಮೇಲೆ ನೋಡಿದರೆ ಸೀಟಿನ ಮೇಲೆ ಒಂದು ಬಟ್ಟೆಗಂಟು ಉಳಿದಿತ್ತು, ಗಂಟಿನ ಅಜ್ಜಿ ಇರಲಿಲ್ಲ. ಆ ದಾರಿಗೆ ಮತ್ತೆ ಬಸ್ಸು ಬಹಳ ಹೊತ್ತಿಗೆ. ಡಿಪೋದ ಮೆಕ್ಯಾನಿಕ್ಕಿನ ಸೈಕಲ್ಲನ್ನು ಕೇಳಿಯೂ ಕೇಳದೆ ಹತ್ತಿಕೊಂಡು ಹೊರಟರಂತೆ.

"ಆನ ಓಡಾಡೊ ಜಾಗ ಕಣ್ರವ್ವ. ತುಳೀತಾ ತುಳೀತಾ ನನ್ಗ ಅಳುವೇ ಬಂದ್ಬುಡ್ತು. ಓಗಿ ನೋಡ್ತೀನಿ, ಕಲ್ ಮ್ಯಾಲ ಕುಂತ್ಕಂಡು ಕಳ್ಳೆಪುರಿ ತಿಂತಾ ಅವ್ಳೆ. ಸುತ್ತಾ ಅರಟೆಮಲ್ಲ, ಅವುಕ್ಕೂ ಆಕ್ತಾ ಅವ್ಳೆ. ನನ್ನ ನೋಡ್ಬುಟ್ಟು, ನಿನ್ಗ ಎಣ್ಸಕ್ಕ ಬರಲ್ವಾ ಮಗಾ ಅಂದ್ಳು. ಅಷ್ಟೇ ಅಂದಿದ್ದು."

ಅಜ್ಜಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಅವಳ ಮಗಳ ಊರಿಗೆ ಬಿಟ್ಟರು. ದಾರಿಯುದ್ದಕ್ಕೂ ಅವಳು ಅದು ಇಂಥ ಹಕ್ಕಿ, ಇದು ಇಂಥ ಹಕ್ಕಿ ಎಂದು ಬೆನ್ನಿಗೆ ತಿವಿದು ತಿವಿದು ತೋರಿಸಿದಳಂತೆ. ದಿನಕ್ಕೆರಡು ಸಲ ಓಡಾಡಿದ ರಸ್ತೆಯಲ್ಲಿ ಇಷ್ಟೆಲ್ಲ ಇದೆಯೆಂದು ಅವರಿಗೆ ಅವತ್ತೇ ಗೊತ್ತಾದದ್ದು. ಮುಂದಿನ ತಿಂಗಳು ಒಂದು ಹಳೆಯ ಸೈಕಲ್ಲು ಕೊಂಡರು. ನನಗೆ ಕತೆ ಹೇಳಿ ಮುಗಿಸುವ ಹೊತ್ತಿಗೆ ಮುಂದೆ ಹೋದವರು ಒಬ್ಬಳು ಕಡಿಮೆಯಾದಳೆಂದು ಹಿಂತಿರುಗಿ ಬಂದರು. ಗುರುಸ್ವಾಮಿ ನನ್ನ ಮೊಣಕೈಗೆ ಮುಲಾಮು ಹಚ್ಚಿ, ತಮ್ಮ ಗ್ಲೌಸನ್ನು ನನಗೆ ಕೊಟ್ಟರು. ಅದು ದೊಡ್ಡದಾಗಿತ್ತು.

ಈಗ ಬಸ್ ಸ್ಟಾಪಿನ ವಿಷಯಕ್ಕೆ ಬರುತ್ತೇನೆ.

ಯಳಂದೂರಿನ ದಾರಿಯಲ್ಲಿ ಒಂದು ಊರು. ಹೆಸರು ಬೇಡ, ಆ ಊರಿನವರು ಈಗ ನಮ್ಮ ಸ್ನೇಹಿತರು. ಅಲ್ಲಿ ತಂಗುದಾಣದ ಮೇಲೆ ಬಾಗಿಕೊಂಡು ಒಂದು ದೊಡ್ಡ ಹುಣಸೆಮರವಿದೆ. ಆ ವರ್ಷ ಬಣ್ಣದ ಕೊಕ್ಕರೆಗಳು ಮೊದಲ ಸಲ ಆ ಮರದಲ್ಲಿ ಗೂಡು ಕಟ್ಟಿದವು. ಹಳದಿ ಕೊಕ್ಕು, ಬಾಲದ ಹತ್ತಿರ ಯಾರೋ ಕುಂಕುಮದ ನೀರು ಚೆಲ್ಲಿದ ಹಾಗೆ ಕೆಂಪು. ಶಿವರಾತ್ರಿಯ ಹೊತ್ತಿಗೆ ಮರದ ತುಂಬ ಮರಿಗಳು. ನೋಡಲು ಬಲು ಚೆಂದ, ಕೆಳಗೆ ನಿಂತರೆ ಗತಿಯಿಲ್ಲ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯ ವಾಸನೆ ಗೊತ್ತಿದ್ದವರಿಗೇ ಗೊತ್ತು. ಮದುವೆಗೆ ಹೊರಟ ಹೆಣ್ಣುಮಗಳೊಬ್ಬಳ ರೇಷ್ಮೆ ಸೀರೆ ಹಾಳಾಯಿತು. ಪರೀಕ್ಷೆಗೆ ಹೊರಟ ನನ್ನ ವಿದ್ಯಾರ್ಥಿನಿಯೇ ಒಬ್ಬಳು ತಲೆ ತೊಳೆದುಕೊಂಡು ಮುಂದಿನ ಬಸ್ಸಿಗೆ ಬಂದಳು. ಊರಿನವರು ಸೇರಿ ಕೊಂಬೆಗಳನ್ನೆಲ್ಲ ಕಡಿಸಿಬಿಡುವುದೆಂದು ತೀರ್ಮಾನಿಸಿದರು. ಸೋಮವಾರ ಗರಗಸದವರು ಬರುವವರಿದ್ದರು. ನಾವು ಅಲ್ಲಿಗೆ ಹೋದದ್ದು ಭಾನುವಾರ.

ಗುರುಸ್ವಾಮಿಗೆ ಸಿಟ್ಟು ಬಂತು. ಗೂಡು ಕೆಡಿಸುವುದು ಅಪರಾಧ, ಈಗಲೇ ಅರಣ್ಯ ಇಲಾಖೆಗೆ ಫೋನ್ ಮಾಡುತ್ತೇನೆಂದು ಮೊಬೈಲ್ ತೆಗೆದರು. ರಾಚಪ್ಪ ಅವರ ಕೈ ಹಿಡಿದುಕೊಂಡರು. ಇವತ್ತು ಸಾಹೇಬರು ಬಂದರೆ ಮರ ಉಳಿಯುತ್ತದೆ, ಆದರೆ ನಾಳೆಯಿಂದ ಈ ಊರಿನವರಿಗೆ ಕೊಕ್ಕರೆ ಕಂಡರೆ ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿ, ಊರಿನ ಯಜಮಾನರ ಜಗಲಿಗೆ ಹೋಗಿ ಕೂತರು. ಯಜಮಾನರು ಒಳ್ಳೆಯವರೇ. ಮರಿ ಹಾರುವವರೆಗೆ ಎರಡು ತಿಂಗಳು ತಡೆಯಿರಿ ಎಂದರೆ, ಎರಡು ತಿಂಗಳು ಊರಿನ ಜನ ಕೊಡೆ ಹಿಡಿದು ಬಸ್ಸಿಗೆ ಕಾಯಬೇಕೇ ಎಂದು ಕೇಳಿದರು.

ರಾಚಪ್ಪ ಮೀಸೆ ತೀಡಿಕೊಂಡು, "ಮರ ಅಲ್ಲೇ ಇರ್ಲಿ ಯಜಮಾನ್ರೇ. ನಾನು ಸ್ಟಾಪ್ನ ಸರುಸ್ಕೊಡ್ತೀನಿ" ಎಂದರು.

"ಸ್ಟಾಪು ಏನು ನಿಮ್ಮನೆ ಒರಳುಕಲ್ಲಾ, ಸರ್ಸಕ್ಕ?"

"ಒರಳುಕಲ್ಲಾದ್ರ ಕಷ್ಟ ಆಗೋದು. ಬಸ್ಸು ನಿಂತ ಜಾಗವೇ ಸ್ಟಾಪು. ಮೂವತ್ನಾಕು ವರ್ಷ ನಾನೇ ನಿಲ್ಸಿವ್ನಿ."

ಯಜಮಾನರು ನಕ್ಕುಬಿಟ್ಟರು. ಒಂದು ವಾರ ಗಡುವು ಕೊಟ್ಟರು. ಮುಂದಿನ ಸೋಮವಾರದೊಳಗೆ ಎಲ್ಲ ಬಸ್ಸುಗಳೂ ನಲವತ್ತು ಮಾರು ಮುಂದೆ, ಹಾಲಿನ ಡೇರಿಯ ಎದುರು ನಿಲ್ಲಬೇಕು. ಇಲ್ಲದಿದ್ದರೆ ಗರಗಸ.

ಆ ವಾರ ನಾನು ಶಾಲೆಗೆ ಹೋಗುವಾಗ ಬರುವಾಗ ಕಂಡದ್ದನ್ನೂ ಕೇಳಿದ್ದನ್ನೂ ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಹೊತ್ತು ಮೂಡುವ ಮೊದಲೇ ರಾಚಪ್ಪ ಡೇರಿಯ ಮುಂದೆ ಸೈಕಲ್ ಸ್ಟ್ಯಾಂಡ್ ಹಾಕಿ ಕೈಯಡ್ಡ ಹಿಡಿದು ನಿಂತಿದ್ದರು. ಜನರನ್ನೆಲ್ಲ ಅಲ್ಲಿಗೆ ಕರೆದು ನಿಲ್ಲಿಸಿದ್ದರು. ಬಸ್ಸು ಮಾತ್ರ ಅಭ್ಯಾಸಬಲದಿಂದ ಮರದ ಕೆಳಗೇ ನಿಂತಿತು. ಜನ ಗಂಟುಮೂಟೆ ಹೊತ್ತು ವಾಪಸು ಓಡಿದರು, ಓಡುತ್ತಲೇ ರಾಚಪ್ಪನವರನ್ನು ಬೈದರು. ಮಂಗಳವಾರ ಅವರು ಕೊಳ್ಳೇಗಾಲದ ನಿಲ್ದಾಣದಲ್ಲಿ ಪ್ರತಿ ಬಸ್ಸಿನ ಫುಟ್‌ಬೋರ್ಡ್ ಹತ್ತಿ ಇಳಿದರು. ಹಳೆಯ ಕಂಡಕ್ಟರುಗಳು ರಾಚಪ್ಪಣ್ಣ ಹೇಳಿದ ಮೇಲೆ ಮುಗಿಯಿತು ಎಂದರು. ಬುಧವಾರಕ್ಕೆ ಅರ್ಧಕ್ಕರ್ಧ ಬಸ್ಸು ಡೇರಿಯ ಮುಂದೆ ನಿಂತವು.

ಮಾರನೆಯ ದಿನಕ್ಕೆ ಉಳಿದದ್ದು ಒಬ್ಬ ಹೊಸ ಡ್ರೈವರು. ನಾನು ಹೋಗುವ ಬಸ್ಸೇ ಅವನದು. ಗುರುವಾರ ಅವನು ಮರದ ಕೆಳಗೇ ನಿಲ್ಲಿಸಿ, ಆರ್ಡರ್ ಕಾಪಿ ಇದ್ದರೆ ತೋರಿಸಿ ಎಂದ. ರಾಚಪ್ಪ ಡೇರಿಯಿಂದ ನಡೆದುಕೊಂಡು ಬಂದು, ಜಗಳವಾಡದೆ, ಇಳಿದು ಒಂದು ಸಲ ಮರವನ್ನಾದರೂ ನೋಡಪ್ಪ ಎಂದು ಕೇಳಿಕೊಂಡರು. ಹಿರಿಯರ ಮಾತಿಗೆ ಬೆಲೆ ಕೊಟ್ಟು ಅವನು ಇಳಿದ. ತಲೆ ಎತ್ತಿದ. ಮೇಲೆ ಮರಿಗಳು ಕತ್ತು ಚಾಚಿ ತಾಯಿಯ ಬಾಯಿಗೆ ಬಾಯಿ ಹಾಕುತ್ತಿದ್ದವು. ಅವನ ಮುಖ ಮೃದುವಾಗುತ್ತಿರುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಷ್ಟರಲ್ಲಿ ಕೊಕ್ಕರೆಯೊಂದು ತನ್ನ ಕೆಲಸ ಮುಗಿಸಿತು, ಸರಿಯಾಗಿ ಅವನ ಹಣೆಯ ಮೇಲೆ. ರಾಚಪ್ಪ ಹೆಗಲ ಮೇಲಿನ ಟವೆಲು ತೆಗೆದು ಅವನಿಗೆ ಕೊಟ್ಟು, "ಆರ್ಡರ್ ಬಂತಲ್ಲಪ್ಪ" ಎಂದರು. ಮಾರನೆಯ ದಿನ ಆ ಬಸ್ಸು ನಲವತ್ತಲ್ಲ, ಅರವತ್ತು ಮಾರು ಮುಂದೆ ಹೋಗಿ ನಿಂತಿತು.

ಎಲ್ಲ ಸುಗಮವಾಯಿತು ಎನ್ನುವಷ್ಟರಲ್ಲಿ ಚಿಕ್ಕತಾಯಮ್ಮ ಸೆರಗು ಸಿಕ್ಕಿಸಿ ಎದ್ದರು. ತಂಗುದಾಣದ ಪಕ್ಕದಲ್ಲಿ ಇಡ್ಲಿ ಗೂಡಂಗಡಿ ನಡೆಸುತ್ತಿದ್ದ ಗಟ್ಟಿ ಹೆಂಗಸು. ಬಸ್ಸಿಗೆ ಕಾಯುವವರೇ ಅವರ ಗಿರಾಕಿಗಳು. ಗಿರಾಕಿಗಳು ಈಗ ನಲವತ್ತು ಮಾರು ಆಚೆ. ಶನಿವಾರ ನಾನು ಅರ್ಧ ದಿನದ ಶಾಲೆ ಮುಗಿಸಿ ಅಲ್ಲಿ ಇಳಿದಾಗ ಅವರು ಸೌಟು ಹಿಡಿದು ರಾಚಪ್ಪನವರ ಎದುರಿಗೆ ನಿಂತಿದ್ದರು.

"ನೀನು ಸ್ಟಾಪ್ ಎತ್ಕಂಡು ಓದ್ರ ನನ್ನ ಇಡ್ಲಿಯ ಕೊಕ್ಕರೆ ತಿಂದದಾ? ನಾಕು ವರ್ಷದಿಂದ ಕಟ್ಟಿರೊ ಯಾಪಾರ. ಮರಿಗೊಂದು ಗೂಡು ಬೇಕು ಅಂದಿಯಲ್ಲ, ನನ್ಗ?"

ರಾಚಪ್ಪ ಮರವನ್ನು ಯೋಚಿಸಿದ್ದರು, ಬಸ್ಸನ್ನು ಯೋಚಿಸಿದ್ದರು, ಇವರನ್ನು ಮರೆತಿದ್ದರು. ಬೆಂಚಿನ ಮೇಲೆ ಕೂತು ಮುಖ ಒರೆಸಿಕೊಂಡರು. ತಪ್ಪಾಯಿತು ಕಣವ್ವ, ನಿನ್ನನ್ನು ಕೇಳದೆ ಸೀಟಿ ಊದಿಬಿಟ್ಟೆ ಎಂದರು. ಚಿಕ್ಕತಾಯಮ್ಮ ಈ ಮಾತನ್ನು ನಿರೀಕ್ಷಿಸಿರಲಿಲ್ಲ. ಬೈಯಲು ತೆರೆದ ಬಾಯಿಯನ್ನು ಮುಚ್ಚಿ, ಒಂದು ತಟ್ಟೆ ಇಡ್ಲಿ ತಂದು ಅವರ ಮುಂದಿಟ್ಟರು.

ಮಾರನೆಯ ದಿನ ಭಾನುವಾರ ನಮ್ಮ ಸವಾರಿ ಕೆರೆಗೆ ಹೋಗಲಿಲ್ಲ. ಚಿಕ್ಕತಾಯಮ್ಮನ ಅಂಗಡಿ ಹನ್ನೆರಡು ಸೈಕಲ್ಲುಗಳ ಮೇಲೆ ಹೊರಟಿತು. ಗುರುಸ್ವಾಮಿಯ ಇಪ್ಪತ್ತೊಂದು ಗೇರಿನ ಸೈಕಲ್ಲಿಗೆ ಎರಡು ಬೆಂಚು ಅಡ್ಡ ಕಟ್ಟಿದೆವು. ಹಾಲಿನವರ ಸೈಕಲ್ಲಿಗೆ ಸ್ಟವ್ವು. ನನ್ನ ಹ್ಯಾಂಡಲಿಗೆ ಲೋಟಗಳ ಬುಟ್ಟಿ, ತಳ್ಳಿದ ಹಾಗೆಲ್ಲ ಗಿಲಿಗಿಲಿ. ತಗಡಿನ ಮಾಡನ್ನು ರಾಚಪ್ಪ ತಮ್ಮ ಕ್ಯಾರಿಯರಿಗೆ ಕಟ್ಟಿಕೊಂಡಿದ್ದರು, ಗಾಳಿ ಬಂದಾಗ ಅದು ರೆಕ್ಕೆಯ ಹಾಗೆ ಎದ್ದು ಅವರನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಇಡ್ಲಿ ಪಾತ್ರೆಯನ್ನು ಮಾತ್ರ ಚಿಕ್ಕತಾಯಮ್ಮ ಯಾರ ಕೈಗೂ ಕೊಡದೆ ತಲೆಯ ಮೇಲೆ ಹೊತ್ತು ಎಲ್ಲರಿಗಿಂತ ಮುಂದೆ ನಡೆದರು. ನಲವತ್ತು ಮಾರಿನ ಆ ಮೆರವಣಿಗೆಯನ್ನು ನೋಡಲು ಊರಿಗೆ ಊರೇ ನಿಂತಿತ್ತು. ಯಜಮಾನರು ತಾವೇ ಬಂದು ತಗಡಿಗೆ ಕೈಕೊಟ್ಟರು. ಗರಗಸದವರಿಗೆ ಅವರೇ ಫೋನ್ ಮಾಡಿ ಬರಬೇಡಿ ಎಂದರು.

ಮರಿಗಳು ಹಾರಿಹೋದ ಮೇಲೆ ಅಂಗಡಿಯನ್ನು ಇದ್ದಲ್ಲಿಗೇ ತಂದಿಡುತ್ತೇವೆಂದು ರಾಚಪ್ಪ ಮಾತು ಕೊಟ್ಟಿದ್ದರು. ಎರಡು ತಿಂಗಳು ಕಳೆದ ಮೇಲೆ ನಾವು ಹಗ್ಗ ಸಮೇತ ಹೋದೆವು. ಚಿಕ್ಕತಾಯಮ್ಮ ಜಾಗದಿಂದ ಕದಲಲಿಲ್ಲ. ಹೊಸ ಜಾಗದಲ್ಲಿ ಬೆಳಿಗ್ಗೆ ಹಾಲು ಹಾಕಲು ಬರುವವರೂ ಇಡ್ಲಿ ತಿನ್ನುತ್ತಿದ್ದರು. ಬೇಕಾದರೆ ಸ್ಟಾಪನ್ನು ವಾಪಸು ತೆಗೆದುಕೊಂಡು ಹೋಗು, ನಾನು ಬರುವುದಿಲ್ಲ ಎಂದರು. ಸ್ಟಾಪೂ ಹೋಗಲಿಲ್ಲ. ಮರುವರ್ಷ ಕೊಕ್ಕರೆಗಳು ಬಂದವು, ಹಿಂದಿನದಕ್ಕಿಂತ ಹೆಚ್ಚಾಗಿಯೇ ಬಂದವು.

ಹೀಗೆಂದ ಮಾತ್ರಕ್ಕೆ ರಾಚಪ್ಪ ಯಾವಾಗಲೂ ಜಾಣರಾಗಿದ್ದರು ಎಂದಲ್ಲ. ಮುಂಗೋಪಿ. ಮೊಬೈಲ್ ಹಿಡಿದು ಹಕ್ಕಿಯ ಹತ್ತಿರ ಹೋದವರ ಮೇಲೆ ರೇಗುತ್ತಿದ್ದರು. ಹೂಗ್ಯಂ ಕಡೆ ಹೋದಾಗ ರಸ್ತೆಯಲ್ಲಿ ಬಿಸಿ ಆನೆಲದ್ದಿ ಕಂಡರೆ, ಇನ್ನು ಒಂದೇ ಮೈಲಿ ಎಂದು ಯಾರು ಎಷ್ಟು ಗೋಗರೆದರೂ ಕೇಳದೆ ಹನ್ನೆರಡು ಸೈಕಲ್ಲನ್ನೂ ತಿರುಗಿಸುತ್ತಿದ್ದರು. ಬೀಡಿಯನ್ನು ಬಿಡಿ ಎಂದು ನಾನು ಹೇಳಿದಾಗಲೆಲ್ಲ, ನೀವು ಸಕ್ಕರೆ ಬಿಟ್ಟಿರಾ ಎಂದು ಕೇಳಿ ನನ್ನ ಬಾಯಿ ಮುಚ್ಚಿಸುತ್ತಿದ್ದರು. ಧನಗೆರೆಯ ಹತ್ತಿರ ನಾನು ಬೆಲ್ಲ ಹಾಕಿದ ಕಾಫಿ ಕುಡಿಯುತ್ತಿದ್ದಾಗ ಅವರ ಕೈಗೆ ಸಿಕ್ಕಿಬಿದ್ದದ್ದೂ ಉಂಟು.

ಹೋದ ಚಳಿಗಾಲದಲ್ಲಿ, ಒಂದು ಬುಧವಾರ ಬೆಳಿಗ್ಗೆ, ಮನೆಯಲ್ಲಿ ಕಾಫಿಗೆ ಕೂತಲ್ಲೇ ರಾಚಪ್ಪ ತೀರಿಕೊಂಡರು. ಎದೆನೋವು ಎಂದರಂತೆ, ಅಷ್ಟೆ. ಮಣ್ಣಿಗೆ ಬಂದವರಲ್ಲಿ ಚಿಕ್ಕತಾಯಮ್ಮ ಇದ್ದರು, ಯಜಮಾನರಿದ್ದರು, ಆ ಹೊಸ ಡ್ರೈವರು ಯೂನಿಫಾರ್ಮಿನಲ್ಲೇ ಬಂದು ಹೋದ. ನಾವು ಭಾನುವಾರ ಸೈಕಲ್ ತುಳಿಯುವುದನ್ನು ನಿಲ್ಲಿಸಿಲ್ಲ. ಈಗ ಗುರುಸ್ವಾಮಿ ಕೊನೆಯಲ್ಲಿ ಬರುತ್ತಾರೆ. ನನಗೆ ಮಾತ್ರ ಅವರ ಕೊನೆಯ ಭಾನುವಾರವೇ ಮತ್ತೆ ಮತ್ತೆ ನೆನಪಾಗುತ್ತದೆ.

ಅವತ್ತು ಕೆರೆಯಿಂದ ಹಿಂತಿರುಗುತ್ತಿದ್ದೆವು. ದಾರಿಯಲ್ಲೊಂದು ಸಣ್ಣ ಏರು, ನಾನೂ ಸಲೀಸಾಗಿ ಹತ್ತುವಂಥದು. ಹಿಂದೆ ಸದ್ದಿಲ್ಲವೆಂದು ತಿರುಗಿ ನೋಡಿದರೆ ರಾಚಪ್ಪ ಸೈಕಲ್ಲಿನಿಂದ ಇಳಿದು, ಹ್ಯಾಂಡಲಿಗೆ ಒರಗಿ, ಕರೆಂಟಿನ ತಂತಿಯನ್ನು ನೋಡುತ್ತ ನಿಂತಿದ್ದರು. ನಾನೂ ಇಳಿದು ಅವರ ಪಕ್ಕಕ್ಕೆ ಹೋಗಿ ನಿಂತೆ. ಏನು ನೋಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಹಕ್ಕಿ ಎಂದರು. ತಂತಿ ಬರಿದಾಗಿತ್ತು. ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

"ಕಾಣ್ತಾ ಮೇಡಮ್ಮಾರೇ?"

"ಕಾಣ್ತು" ಎಂದೆ.

"ಬಣ್ಣ ಯಾವ್ದು?"

ಸ್ವಲ್ಪ ತಡೆದು, ನೀಲಿ ಎಂದೆ.

ಅವರು ನಗಲು ಶುರುಮಾಡಿದರು. ನಗು ಕೆಮ್ಮಾಯಿತು, ಕೆಮ್ಮು ನಿಂತಮೇಲೆ ಮತ್ತೆ ನಗು. "ಅಲ್ಲೇನೂ ಇಲ್ಲ ಕಣ್ರವ್ವ. ಉಸ್ರು ಕಟ್ತು, ನಿಂತ್ಕಂಡೆ. ಇಜ್ಞಾನದ ಮೇಡಮ್ಮು ಇಂಗ ಸುಳ್ಳು ಏಳ್ಬೋದಾ?"

ಡಾಕ್ಟರಿಗೆ ತೋರಿಸಿ ಎಂದೆ, ಹೂಂ ಎಂದರು. ಆಮೇಲೆ ನಾನು ಎಡಗೈಗೊಂದು ಬಲಗೈಗೊಂದು, ಎರಡು ಸೈಕಲ್ಲುಗಳನ್ನೂ ತಳ್ಳಿಕೊಂಡು ಏರು ಹತ್ತಿದೆ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಪಕ್ಕದಲ್ಲಿ ನಿಧಾನವಾಗಿ ನಡೆಯುತ್ತ, ನೀಲಿ ಹಕ್ಕಿಗಳಲ್ಲಿ ತಂತಿಯ ಮೇಲೆ ಕೂರುವುದು ಯಾವುದು, ಕೂರದಿರುವುದು ಯಾವುದು ಎಂದು ಹೇಳಿಕೊಡುತ್ತ ಬಂದರು.